ಬಸ್ಸಿನಲ್ಲೇ ಹೋಗಿ ನಡೆಯಬಹುದಾದ ಕಾಡು, ಪಕ್ಕದಲ್ಲಿ ಹಳೆಯ ಗಣಿ: ಕುದುರೆಮುಖವೋ ಸಂಡೂರೋ?

ಬಸ್‌ಪಾಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನವಳು. ಕಾರಿಲ್ಲ, ಸ್ಕೂಟರ್ ಓಡಿಸಲು ಬರುವುದಿಲ್ಲ, ಇನ್ನು ಕಲಿಯುವ ಉಮೇದೂ ಇಲ್ಲ. ಆದರೆ ನಡೆಯುವುದೆಂದರೆ ಪ್ರಾಣ. ಚಾರಣದ ಗುಂಪುಗಳ ಜೊತೆ ಎರಡು ಸಲ ಹೋಗಿ ಕೈಮುಗಿದಿದ್ದೇನೆ. ರಾತ್ರಿಯಿಡೀ ಟೆಂಪೋದಲ್ಲಿ ಅಂತ್ಯಾಕ್ಷರಿ, ಬೆಳಗ್ಗೆ ಗುಡ್ಡದ ನೆತ್ತಿಯಲ್ಲಿ ಫೋಟೋಗೆ ಸರದಿ ಸಾಲು.

ಈ ಸಲ ನನ್ನ ಆಸೆ ಸ್ವಲ್ಪ ವಿಚಿತ್ರ. ಒಂದು ಕಾಲದಲ್ಲಿ ಗಣಿ ನಡೆದು ಈಗ ನಿಂತುಹೋದ ಜಾಗ, ಅದರ ಸುತ್ತ ಕಾಡು, ಅಲ್ಲಿ ಕಾಲುದಾರಿ. ಅಗೆದ ನೆಲಕ್ಕೆ ಹಸಿರು ಹೇಗೆ ಮರಳುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು. ಷರತ್ತು ಒಂದೇ: ಮನೆಯಿಂದ ಕಾಲುದಾರಿಯ ಬಾಯಿಯವರೆಗೆ ಬಸ್ಸಿನಲ್ಲೇ ಹೋಗಬೇಕು, ಬಸ್ಸಿನಲ್ಲೇ ವಾಪಸ್ ಬರಬೇಕು. ಜೊತೆಗೆ 61 ವರ್ಷದ ಅಮ್ಮ. ಅವರಿಗೆ ಹೊರನಾಡು ಅನ್ನಪೂರ್ಣೇಶ್ವರಿಯ ದರ್ಶನವಾದರೆ ಉಳಿದದ್ದೆಲ್ಲ ನನ್ನ ಇಷ್ಟವಂತೆ. ಹೊರನಾಡು ಎಂದ ಮೇಲೆ ಕುದುರೆಮುಖ ನೆನಪಾಯಿತು. ಸ್ನೇಹಿತೆಯೊಬ್ಬಳು ಸಂಡೂರು ಎನ್ನುತ್ತಿದ್ದಾಳೆ. ತಿಳಿದವರು ಹೇಳಿ.

ಚಿನ್ನದೂರು

ಗಣಿ ನಿಂತ ಜಾಗ ಬೇಕಿದ್ದರೆ ಕೆಜಿಎಫ್ ಇದೆಯಲ್ಲ! 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ನಿಮ್ಮೂರಿನಿಂದ ಬಸ್ಸೂ ಇದೆ, ಮಾರಿಕುಪ್ಪಂವರೆಗೆ ರೈಲೂ ಇದೆ. ಸಯನೈಡ್ ದಿಬ್ಬಗಳನ್ನು ನೋಡಿದರೆ ಬೇರೆ ಗ್ರಹಕ್ಕೆ ಬಂದಂತಿರುತ್ತದೆ.

ಬಸ್‌ಪಾಸ್

ಕಾಡು ಬೇಕು ಎಂದಿದ್ದೆ ಸರ್. ಸಯನೈಡ್ ದಿಬ್ಬದ ಮೇಲೆ ಅಮ್ಮನನ್ನು ನಡೆಸಿದರೆ ಅಕ್ಕಂದಿರು ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಕಾರ್ಕಳದ ಮಾಸ್ತರು

ತಂಗಿ, ಹೊರನಾಡು ಕಡ್ಡಾಯ ಎಂದ ಮೇಲೆ ಕುದುರೆಮುಖವೇ ಸರಿ. ದಾರಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಬೆಂಗಳೂರಿನಿಂದ ರಾತ್ರಿ ಹೊರಡುವ ಹೊರನಾಡು ಬಸ್ಸುಗಳು ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸ ದಾಟಿ ಹೋಗುತ್ತವೆ. ಬೆಳಗಿನ ಜಾವ ಇಳಿಯುತ್ತೀರಿ. ಕಳಸದಿಂದ ಕುದುರೆಮುಖ ಪಟ್ಟಣ ಸುಮಾರು 20 ಕಿಲೋಮೀಟರ್, ಸಂಸೆಯ ಮೇಲೆ ಹೋಗಬೇಕು. ಅದೇ ರಸ್ತೆ ಮುಂದೆ ಕಾಡಿನ ನಡುವೆ ಎಸ್.ಕೆ. ಬಾರ್ಡರಿಗೆ ಬಂದು ಅಲ್ಲಿ ಎರಡಾಗುತ್ತದೆ. ಒಂದು ಕೆರೆಕಟ್ಟೆಯ ಮೇಲೆ ಶೃಂಗೇರಿಗೆ, ಇನ್ನೊಂದು ಘಾಟಿ ಇಳಿದು ಮಾಳ, ಬಜಗೋಳಿ, ನಮ್ಮ ಕಾರ್ಕಳಕ್ಕೆ. ಎಸ್.ಕೆ. ಎಂದರೆ ಸೌತ್ ಕೆನರಾ. ಜಿಲ್ಲೆಯ ಹೆಸರು ಬದಲಾಗಿ, ಜಿಲ್ಲೆಯೇ ಎರಡಾಗಿ ಎಷ್ಟೋ ವರ್ಷವಾಯಿತು. ಗಡಿಯ ಹೆಸರು ಮಾತ್ರ ಬ್ರಿಟಿಷರ ಕಾಲದಲ್ಲೇ ನಿಂತಿದೆ.

ಮಂಗಳೂರು–ಕಾರ್ಕಳ–ಕಳಸ ಬಸ್ಸುಗಳು ಈ ರಸ್ತೆಯಲ್ಲೇ ಓಡುತ್ತವೆ, ಹೆಚ್ಚಿನವು ಖಾಸಗಿ. ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಕಾರಿನವರಿಗೆ ಒಳಹೊಕ್ಕ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಇಂತಿಷ್ಟು ಹೊತ್ತಿನೊಳಗೆ ಆಚೆ ಗೇಟು ದಾಟಬೇಕು, ನಡುವೆ ನಿಲ್ಲಿಸಿ ಚಿಪ್ಸ್ ತಿನ್ನುವಂತಿಲ್ಲ. ಬಸ್ಸಿನವರಿಗೆ ಆ ಗೋಜಿಲ್ಲ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಆ ಕಾಡನ್ನು ನೋಡಲು ಬಸ್ಸಿನ ಕಿಟಕಿಗಿಂತ ಒಳ್ಳೆಯ ಜಾಗವಿಲ್ಲ. ಕಾರಿನವರಿಗೆ ಕಾಣುವುದು ತಡೆಗೋಡೆ.

ಉಂಬಳಪ್ರಿಯ

ಮಾಸ್ತರು ರಸ್ತೆ ಹೇಳಿದರು, ನಾನು ಗುಡ್ಡ ಹೇಳುತ್ತೇನೆ. ಕುದುರೆಮುಖ ಶಿಖರ ಸುಮಾರು 1,890 ಮೀಟರ್. ಚಾರಣ ಶುರುವಾಗುವುದು ಪಟ್ಟಣದಿಂದಲ್ಲ, ಸಂಸೆಯ ಕಡೆಯ ಮುಳ್ಳೋಡಿಯಿಂದ. ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ಲೋಬೋ ಮನೆ ಎಂದು ಕರೆಯುವ ಪಾಳು ಜಾಗ, ಒಂಟಿಮರ, ನಾಲ್ಕಾರು ಹಳ್ಳ, ನಡುನಡುವೆ ಗುಡ್ಡದ ಮಡಿಕೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನ ಕತ್ತಲು, ಅದು ಬಿಟ್ಟರೆ ಬರೀ ಹುಲ್ಲು. ಮಳೆ ಮುಗಿದ ಮೇಲೆ ಆ ಹುಲ್ಲಿನ ಮೇಲೆ ಗಾಳಿ ಓಡುವುದನ್ನು ನೋಡಬೇಕು, ಯಾರೋ ಕಂಬಳಿ ಕೊಡವಿದ ಹಾಗೆ.

ಪರವಾನಗಿಯನ್ನು ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಶನಿವಾರ, ಭಾನುವಾರದ ಆಸೆ ಬಿಟ್ಟು ಮಂಗಳವಾರವೋ ಬುಧವಾರವೋ ನೋಡಿ. ಶಿಖರದಲ್ಲಿ ಡೇರೆ ಹಾಕುವಂತಿಲ್ಲ, ಸಂಜೆಯೊಳಗೆ ಇಳಿದಿರಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ.

ನನ್ನ ಹೆಸರಿಗೆ ಕಾರಣವಾದವುಗಳ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಹೋದರೆ ಉಂಬಳ, ಅಂದರೆ ಜಿಗಣೆ, ಹತ್ತಿಯೇ ಹತ್ತುತ್ತವೆ. ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ಳಿ, ಮುಟ್ಟಿಸಿದರೆ ತಾನೇ ಉದುರುತ್ತದೆ. ಎಳೆದು ಕೀಳಬೇಡಿ, ಗಾಯ ವಾರಗಟ್ಟಲೆ ತುರಿಸುತ್ತದೆ.

ಸಂಸೆಯ ಸೊಸೆ

ಉಂಬಳಪ್ರಿಯರು ಒಂದು ಮುಖ್ಯ ವಿಷಯ ನುಂಗಿಬಿಟ್ಟರು. ಬಸ್ಸು ಮುಳ್ಳೋಡಿಗೆ ಹೋಗುವುದಿಲ್ಲ! ಬಾಳೆಗಲ್ಲಿನಲ್ಲಿ ಇಳಿದರೆ ಅಲ್ಲಿಂದ ಸುಮಾರು 6 ಕಿಲೋಮೀಟರ್ ಜೀಪಿನ ದಾರಿ. ದಾರಿ ಎನ್ನುವುದು ಮರ್ಯಾದೆಯ ಮಾತು. ಹೋಮ್‌ಸ್ಟೇಯವರು ಜೀಪು ಕಳಿಸುತ್ತಾರೆ, ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ನಡೆದೂ ಹೋಗಬಹುದು, ಆದರೆ 20ಕ್ಕೆ 12 ಸೇರಿಸಿದರೆ 32. ಅಷ್ಟು ನಡೆದವರು ಮರುದಿನ ನಮ್ಮ ಅಂಗಳದ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಸಂಜೆಯ ಬಸ್ಸು. ಹೋದ ವರ್ಷ ಇಬ್ಬರು ಹುಡುಗರು ಕೊನೆಯ ಬಸ್ಸು ತಪ್ಪಿಸಿಕೊಂಡು ನಮ್ಮ ಜಗಲಿಯಲ್ಲಿ ಮಲಗಿದರು. ಗೂಗಲ್ ಮ್ಯಾಪಿನಲ್ಲಿ ಬಸ್ಸು ತೋರಿಸಿತ್ತಂತೆ. ನಮ್ಮ ಕಡೆ ಬಸ್ಸಿನ ಹೊತ್ತನ್ನು ಕೇಳಬೇಕಾದದ್ದು ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯಲ್ಲಿ. ಇಳಿಯುವಾಗಲೇ ಕಂಡಕ್ಟರರನ್ನು "ಸಂಜೆ ವಾಪಸ್ ಎಷ್ಟು ಹೊತ್ತಿಗೆ ಬರುತ್ತೀರಿ" ಎಂದು ಕೇಳಿದರೆ ಅವರು ನಿಮ್ಮ ಮುಖ ನೆನಪಿಟ್ಟುಕೊಂಡು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾರೆ. ಇದು ನಿಜ.

ಅಮ್ಮ ಜೊತೆಗಿದ್ದಾರೆ ಎಂದರೆ ಶಿಖರ ಬೇಡ. ಪಟ್ಟಣದಿಂದ ಎಸ್.ಕೆ. ಬಾರ್ಡರಿನ ಕಡೆಗೆ ಹೋಗುವಾಗ ಭಗವತಿ ನಿಸರ್ಗಧಾಮ ಸಿಗುತ್ತದೆ. ಕುರಿಂಜಾಲು ಗುಡ್ಡದ ದಾರಿ ಅಲ್ಲಿಂದ, ಬಸ್ಸಿನ ರಸ್ತೆಯಿಂದಲೇ ಶುರು, ಅರ್ಧ ದಿನದ ನಡಿಗೆ. ಪರವಾನಗಿ, ಗೈಡ್ ಎಲ್ಲ ಅಲ್ಲಿಗೂ ಬೇಕು.

ಬಸ್‌ಪಾಸ್

ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ಆದರೆ ಇಷ್ಟು ಹೊತ್ತು ಯಾರೂ ಗಣಿಯ ಮಾತು ಎತ್ತಲಿಲ್ಲ. ಈ ದಾರಿಗಳಲ್ಲಿ ಗಣಿ ಎಲ್ಲಿ ಕಾಣುತ್ತದೆ?

ಮಲ್ಲೇಶ್ವರದ ಹುಡುಗ

ಕಾಣುವುದಿಲ್ಲ. ಅದನ್ನು ಹೇಳಲೆಂದೇ ಬಂದೆ.

ನಾನು ಹುಟ್ಟಿ ಬೆಳೆದದ್ದು ಆ ಪಟ್ಟಣದಲ್ಲಿ. ಹೊರಗಿನವರಿಗೆ ಅದು ಕುದುರೆಮುಖ. ಅಲ್ಲಿ ಮೊದಲಿದ್ದ ಹಳ್ಳಿ ಮಲ್ಲೇಶ್ವರ. ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಅಪ್ಪನಿಗೆ ಪ್ಲಾಂಟಿನಲ್ಲಿ ಕೆಲಸ, ಮೂರು ಪಾಳಿ. ಮಧ್ಯಾಹ್ನ ಅರೋಳಿ ಗುಡ್ಡದಲ್ಲಿ ಬ್ಲಾಸ್ಟಿಂಗ್ ಆದರೆ ಅಡುಗೆಮನೆಯ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಅಮ್ಮ ಅದನ್ನು ಕೇಳಿಯೇ ಅನ್ನಕ್ಕಿಡುತ್ತಿದ್ದರು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಜೂನ್‌ನಲ್ಲಿ ಒಗೆದ ಸಮವಸ್ತ್ರಕ್ಕೆ ಸೆಪ್ಟೆಂಬರಿನವರೆಗೂ ಒಲೆಯ ಹೊಗೆಯ ವಾಸನೆ.

ಅಲ್ಲಿ ಕಬ್ಬಿಣದ ಅದಿರು ಇದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಗಣಿ ಬಂದದ್ದು ಅರವತ್ತು ವರ್ಷ ಕಳೆದ ಮೇಲೆ, ಅದೂ ಇರಾನಿನ ಷಾ ದೊರೆಯ ದುಡ್ಡಿನ ಭರವಸೆಯಲ್ಲಿ. 1975ರ ಒಪ್ಪಂದ, 63 ಕೋಟಿ ಡಾಲರ್ ಸಾಲ, ಪ್ರತಿಯಾಗಿ 21 ವರ್ಷ ಅದಿರು. ಇಪ್ಪತ್ತೈದೂವರೆ ಕೋಟಿ ಕೊಡುವಷ್ಟರಲ್ಲಿ ಅಲ್ಲಿ ಕ್ರಾಂತಿ, ದುಡ್ಡು ನಿಂತಿತು. ಉಳಿದದ್ದನ್ನು ಭಾರತ ಸರ್ಕಾರ ಹಾಕಿ 1980ಕ್ಕೆ ಕೆಲಸ ಮುಗಿಸಿತು. ಟೆಹರಾನಿನ ಬೀದಿಯಲ್ಲಿ ನಡೆದ ಗಲಾಟೆಗೆ ಮಲೆನಾಡಿನ ಮೂಲೆಯಲ್ಲಿ ಕೂತ ಎಂಜಿನಿಯರುಗಳು ಬೆವರಿದ ಕತೆಯನ್ನು ಅಪ್ಪ ನಿವೃತ್ತಿಯಾಗುವವರೆಗೂ ಹೇಳುತ್ತಿದ್ದರು.

ಇಲ್ಲಿನದು ಮ್ಯಾಗ್ನಟೈಟ್, ಆಯಸ್ಕಾಂತಕ್ಕೆ ಅಂಟುವ ಬಗೆಯ ಅದಿರು, ಕಬ್ಬಿಣದ ಅಂಶ ಕಡಿಮೆ. ಬೆಟ್ಟ ಕಡಿದು, ಹಿಟ್ಟು ಮಾಡಿ, ಕಬ್ಬಿಣದ ಪುಡಿಯನ್ನು ಬೇರ್ಪಡಿಸಿ, ನೀರು ಬೆರೆಸಿ ಅಂಬಲಿಯಂತೆ ಮಾಡಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಾಟಿ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಎಲ್ಲಿಗೆ? ಭದ್ರೆಯನ್ನು ಸೇರುವ ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ಅದರ ಹಿಂದೆ ತುಂಬಿಸಿದರು. ಚಿತ್ರಗಳಲ್ಲಿ ಕೆರೆಯ ಹಾಗೆ ಕಾಣುವುದು ಅದೇ.

1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವೆಂದು ಪ್ರಾಥಮಿಕ ಅಧಿಸೂಚನೆಯಾಯಿತು. ಸಿಂಗಳೀಕಗಳ ಆವಾಸ ಉಳಿಸುವುದು ಅದರ ದೊಡ್ಡ ಕಾರಣ. ಗಣಿಯ ಗುತ್ತಿಗೆ 1999ಕ್ಕೆ ಮುಗಿಯಿತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು: 2005ರ ಕೊನೆಯೊಳಗೆ ಗಣಿ ನಿಲ್ಲಬೇಕು. ನಿಂತಿತು. ನಮ್ಮ ಕ್ವಾರ್ಟರ್ಸಿನಲ್ಲಿ ಚಿಣ್ಣಪ್ಪನವರ ಹೆಸರೆತ್ತಿದರೆ ಊಟದ ತಟ್ಟೆ ಸರಿಸಿ ಏಳುತ್ತಿದ್ದರು. ಇವತ್ತು ನಾನು ಅವರ ಪರ. ಅಪ್ಪನ ಎದುರು ಮಾತ್ರ ಇದನ್ನು ಹೇಳಿಲ್ಲ.

ಹಾಗಾಗಿ, ಬಸ್‌ಪಾಸ್ ಅವರೇ, ನೀವು ನಡೆಯುವುದು ಗಣಿ ಮುಟ್ಟದ ಗುಡ್ಡಗಳಲ್ಲಿ. ಗಣಿಯ ಜಾಗಕ್ಕೆ ಪ್ರವೇಶವಿಲ್ಲ. ಅದನ್ನು ಹುಡುಕಬೇಕಾದದ್ದು ಪಟ್ಟಣದಲ್ಲಿ. ಬೀಗ ಜಡಿದ ಮನೆಗಳ ಸಾಲು, ಮಾಡಿನ ಮೇಲೆ ಪಾಚಿ, ಅಂಗಳದಲ್ಲಿ ಯಾರೋ ನೆಟ್ಟ ದಾಸವಾಳ ಮರದಷ್ಟು ಬೆಳೆದು ಕಿಟಕಿಯೊಳಗೆ ತಲೆ ಹಾಕಿರುತ್ತದೆ. ಕಾಡು ಮರಳುತ್ತಿದೆ ಎಂದು ಅಲ್ಲಿನ ಅಕೇಶಿಯಾ ಮರಗಳ ಫೋಟೋ ಹಾಕುವವರಿದ್ದಾರೆ. ಅದು ನೆಟ್ಟದ್ದು. ಶೋಲಾ ಇಪ್ಪತ್ತು ವರ್ಷದಲ್ಲಿ ಮರಳುವ ಪೈಕಿಯಲ್ಲ.

ಒಂದು ಕೆಲಸ ಮಾಡಿ. ಹಳೆಯ ಸ್ಪೀಕರಿನ ಆಯಸ್ಕಾಂತ ಇದ್ದರೆ ಕಾಗದದಲ್ಲಿ ಸುತ್ತಿ ತನ್ನಿ. ಉದ್ಯಾನದೊಳಗೆ ಏನನ್ನೂ ಮುಟ್ಟಬೇಡಿ, ಬಸ್‌ಸ್ಟ್ಯಾಂಡಿನ ಪಕ್ಕದ ಚರಂಡಿಯ ಮರಳೇ ಸಾಕು. ಅದರ ಮೇಲೆ ಮೆಲ್ಲಗೆ ಆಡಿಸಿ. ನಾವು ಮಕ್ಕಳು ಇದನ್ನು ಮುಳ್ಳುಹಂದಿ ಆಟ ಎನ್ನುತ್ತಿದ್ದೆವು.

ರೂರ್ ದಂಡೆ

ಮಲ್ಲೇಶ್ವರದ ಹುಡುಗರ ಬರಹ ಓದಿ ಕಣ್ಣು ತೇವವಾಯಿತು. ನಾನಿರುವುದು ಜರ್ಮನಿಯ ಎಸೆನ್ ನಗರದಲ್ಲಿ. ಇಲ್ಲಿಯದು ಕಲ್ಲಿದ್ದಲು. ತ್ಸೋಲ್‌ಫರಾಯ್ನ್ ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. 107ನೇ ನಂಬರಿನ ಟ್ರಾಮ್ ಅದರ ಬಾಗಿಲಿಗೇ ಹೋಗುತ್ತದೆ. ಪಕ್ಕದ ಬೊಟ್ರೊಪ್‌ನಲ್ಲಿ ಗಣಿಯ ಕಸ ಸುರಿದ ದಿಬ್ಬವೇ ಈಗ ವಿಹಾರದ ಗುಡ್ಡ. ನೆತ್ತಿಯಲ್ಲಿ 1995ರಲ್ಲಿ ನಿಲ್ಲಿಸಿದ ಉಕ್ಕಿನ ನಾಲ್ಮುಖದ ಗೋಪುರವಿದೆ. ಭಾನುವಾರ ಬಸ್ಸಿನಲ್ಲಿ ಹೋಗಿ ಹತ್ತಿ ಇಳಿಯುತ್ತೇವೆ. ಕಪ್ಪು ಕಲ್ಲಿನ ಮೇಲೆ ಬಿಳಿ ತೊಗಟೆಯ ಬರ್ಚ್ ಮರಗಳು ತಾವಾಗಿಯೇ ಎದ್ದಿವೆ, ಯಾರೂ ನೆಡಲಿಲ್ಲ.

ಇಲ್ಲಿ ಗಣಿಯ ಮೇಲೇ ನಡೆಯಲು ಬಿಡುತ್ತಾರೆ. ನಮ್ಮಲ್ಲಿ ಬೇಲಿ ಹಾಕಿ ಬೀಗ ಹಾಕುತ್ತಾರೆ. ಕುದುರೆಮುಖದ ಗಣಿಯ ಮೆಟ್ಟಿಲುಗಳನ್ನೂ ಹೀಗೆ ತೆರೆದರೆ ಏನಾಗುತ್ತದೆ? ಊರಿಗೆ ನಾಲ್ಕು ಕಾಸು ಬರುವುದಿಲ್ಲವೇ?

ಉಂಬಳಪ್ರಿಯ

ಮಳೆ ಬರುತ್ತದೆ, ಅದಾಗುತ್ತದೆ. ಅದು ಅಣೆಕಟ್ಟಿನ ಹಿಂದೆ ನಿಂತ ನುಣ್ಣನೆಯ ಕೆಸರು ಸ್ವಾಮಿ, ಕಲ್ಲಿನ ದಿಬ್ಬವಲ್ಲ. ಜೊತೆಗೆ ಸುತ್ತ ಸಿಂಗಳೀಕ, ಕಾಟಿ, ಕಡವೆ, ಹುಲಿ. ಬೊಟ್ರೊಪ್‌ನಲ್ಲಿ ಹುಲಿಯಿದೆಯೇ?

ರೂರ್ ದಂಡೆ

ಹುಲಿಯಿಲ್ಲ, ಒಪ್ಪಿದೆ. ಆದರೆ ಗಣಿ ಮುಚ್ಚಿದರೂ ಇಲ್ಲಿ ಖರ್ಚು ಮುಗಿದಿಲ್ಲ. ಅಗೆದ ನೆಲ ಕೆಲವೆಡೆ 20 ಮೀಟರಿಗೂ ಹೆಚ್ಚು ಕುಸಿದಿದೆ. ಪಂಪು ನಿಲ್ಲಿಸಿದರೆ ನಾವು ವಾಸವಿರುವ ಊರುಗಳಲ್ಲಿ ಎಷ್ಟೋ ಭಾಗ ಕೆರೆಯಾಗುತ್ತದೆ. ಅದಕ್ಕೆಂದೇ ಪ್ರತಿಷ್ಠಾನವೊಂದು ಇದೆ. ಆ ಲೆಕ್ಕಕ್ಕೆ ಜರ್ಮನರು ಇಟ್ಟ ಹೆಸರಿನ ಅರ್ಥ "ಅನಂತ ಕಾಲದ ಹೊರೆ". ನಾನು ಕೇಳಿದ್ದು ಇಷ್ಟೇ, ಲಕ್ಯಾದ ಹೊರೆ ಯಾರ ಹೆಗಲ ಮೇಲಿದೆ ಎಂದು ದಾರಿಹೋಕನಿಗೆ ಗೊತ್ತಾಗಬೇಡವೇ? ನೋಡಲು ಬಿಟ್ಟರೆ ತಾನೇ ಕೇಳುವವರು ಹುಟ್ಟುವುದು.

ಮಲ್ಲೇಶ್ವರದ ಹುಡುಗ

ಈ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಆದರೂ ಬೀಗ ಇರಲಿ ಎನ್ನುವವನು ನಾನು. ಒಂದು ಟಿಕೆಟ್ ಕೌಂಟರ್ ಬಂದರೆ ಹಿಂದೆಯೇ ನೂರು ಕಾರು, ಅದರ ಹಿಂದೆ ಮ್ಯಾಗಿ ಅಂಗಡಿ. ದೂರದಿಂದ ನೋಡುವ ಒಂದು ಕಟ್ಟೆ ಸಾಕು, ಪಕ್ಕದಲ್ಲಿ ಒಂದು ಕನ್ನಡದ ಫಲಕ.

ಕೆಂಪುಧೂಳು

ಮಲೆನಾಡಿನವರ ಕಚ್ಚಾಟ ಮುಗಿದಿದ್ದರೆ ಬಯಲುಸೀಮೆಯ ಕಡೆ ಸ್ವಲ್ಪ ತಿರುಗಿ ನೋಡಿ.

ಸಂಡೂರಿಗೆ ಬರುವುದು ಸುಲಭ. ಹೊಸಪೇಟೆಯವರೆಗೆ ರೈಲಾಗಲಿ ಬಸ್ಸಾಗಲಿ, ಅಲ್ಲಿಂದ ಸುಮಾರು 30 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ನಿಮ್ಮ ಬಿಳಿ ದುಪಟ್ಟಾ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ನಮ್ಮೂರಿನ ಬಸ್ಸಿನ ಸೀಟಿಗೆ ಕೈ ಒರೆಸಿದರೆ ಕುಂಕುಮ ಹತ್ತಿದಂತಾಗುತ್ತದೆ.

ಊರು ಬೆಟ್ಟಗಳ ಬಟ್ಟಲಿನಲ್ಲಿ ಕೂತಿದೆ. ನಾರಿಹಳ್ಳ ಬೆಟ್ಟ ಸೀಳಿದ ಕಡೆಗಳಿಗೆ ಗಂಡಿ ಎನ್ನುತ್ತೇವೆ: ಭೀಮನಗಂಡಿ, ಓಬಳಗಂಡಿ. ತಾರಾನಗರದ ಬಳಿ ಅದೇ ಹಳ್ಳಕ್ಕೆ ಅಣೆಕಟ್ಟಿದೆ. ಸ್ವಾಮಿಮಲೆಯ ಕಾಡಿನಲ್ಲಿ ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿ ದೇವಸ್ಥಾನ, ಪಕ್ಕದಲ್ಲಿ ಅದಕ್ಕೂ ಹಿಂದಿನ, ಬಾದಾಮಿ ಚಾಲುಕ್ಯರ ಪಾರ್ವತಿ ಗುಡಿ. ರಾಮಗಡದ ಗುಡ್ಡದ ಮೇಲೆ ಬಳ್ಳಾರಿಯ ಬ್ರಿಟಿಷ್ ಸಿಪಾಯಿಗಳು ಕಾಯಿಲೆ ಬಿದ್ದರೆ ಬಂದು ಮಲಗುತ್ತಿದ್ದ ಆರೋಗ್ಯಧಾಮವಿತ್ತು. ಬಳ್ಳಾರಿ ಎಂದರೆ ಬರೀ ಬಿಸಿಲು ಎನ್ನುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಇಲ್ಲಿಯದು ಎಲೆಯುದುರುವ ಕಾಡು. ಸೆಪ್ಟೆಂಬರಿನಲ್ಲಿ ಬನ್ನಿ, ಹಸಿರಿಗೆ ಕಣ್ಣು ಕುಕ್ಕುತ್ತದೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂಬುದು ನಮ್ಮಲ್ಲಿ ಗಾಂಧೀಜಿಯ ಹೆಸರಿನಲ್ಲಿ ಓಡಾಡುವ ಮಾತು. ಅವರು 1934ರಲ್ಲಿ ಇಲ್ಲಿಗೆ ಬಂದಿದ್ದರು. ಸೆಪ್ಟೆಂಬರ್ ತಪ್ಪಿದರೆ ಸೀತಾಫಲದ ಕಾಲಕ್ಕೆ ಬನ್ನಿ. ಬಸ್‌ಸ್ಟ್ಯಾಂಡಿನ ಹೊರಗೆ ಬುಟ್ಟಿಯಿಟ್ಟುಕೊಂಡ ಹೆಂಗಸರು ಕಣ್ಣು ಬಿಟ್ಟ ಕಾಯಿ, ನಾಳೆಗೆ ಹಣ್ಣಾಗುವ ಕಾಯಿ ಎಂದು ಬೇರೆ ಬೇರೆ ಗುಡ್ಡೆ ಮಾಡಿರುತ್ತಾರೆ.

ಆದರೆ ನೀವು ಕೇಳಿದ್ದು "ನಿಂತುಹೋದ" ಗಣಿ. ಇಲ್ಲಿ ಆ ಮಾತೇ ತಮಾಷೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಊರು ಒಮ್ಮೆಗೇ ಮೌನವಾಯಿತು. ಲಾರಿಯ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲ ಎಂದವರನ್ನು ಕೇಳಿದ್ದೇನೆ. ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ಮೂರು ಮಾಡಿದರು. ಅಕ್ರಮ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವು ಷರತ್ತಿನ ಮೇಲೆ ಮತ್ತೆ ಶುರುವಾದವು. ಹಾಗಾಗಿ ಒಂದು ಗುಡ್ಡ ಹಸಿರಾಗುತ್ತಿದ್ದರೆ ಪಕ್ಕದ ಗುಡ್ಡ ಇನ್ನೂ ಕರಗುತ್ತಿರುತ್ತದೆ. ಕಾಲುದಾರಿಯ ವಿಷಯದಲ್ಲೂ ಇದೇ ತೊಂದರೆ. ಹೋದ ವರ್ಷ ನಡೆದ ದಾರಿ ಈ ವರ್ಷ ಗೇಟಿನೊಳಗೆ ಇರುತ್ತದೆ. ಸ್ಥಳೀಯರಿಲ್ಲದೆ ಹೋಗಬೇಡಿ.

ಇನ್ನೊಂದು ವಿಷಯ ಮಲ್ಲೇಶ್ವರದ ಹುಡುಗರಿಗೆ. ನಿಮ್ಮ ಅಪ್ಪ ಕೆಲಸ ಮಾಡಿದ ಅದೇ ಕಂಪನಿಗೆ ಕುದುರೆಮುಖದ ಬದಲಿಗೆ ಸಿಕ್ಕಿರುವುದು ನಮ್ಮ ದೇವದಾರಿ ಗುಡ್ಡ. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಆ ಅರಣ್ಯಭೂಮಿಯನ್ನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಕೊಟ್ಟ ಕಾರಣಗಳಲ್ಲಿ ಕುದುರೆಮುಖದ ಹಳೆಯ ಬಾಕಿಯೂ ಒಂದು. ನಿಮ್ಮಲ್ಲಿ ಮುಚ್ಚಿದ ಪುಸ್ತಕದ ಮುಂದಿನ ಪುಟ ನಮ್ಮಲ್ಲಿದೆ.

ಮಲ್ಲೇಶ್ವರದ ಹುಡುಗ

ಗೊತ್ತು ಅಣ್ಣ. ಪೇಪರಿನಲ್ಲಿ ಓದಿದ ದಿನ ಅಪ್ಪನೇ ತೋರಿಸಿದರು. ಓದಿ, ಮಡಚಿಟ್ಟು, "ಸಂಡೂರಿನಲ್ಲಿ ಮಳೆ ಎಷ್ಟು ಬರುತ್ತದೆ?" ಎಂದು ಕೇಳಿದರು. ಅಷ್ಟೇ.

ಕೋಟೆ ಪಕ್ಕದವಳು

ಎರಡೂ ದೂರವಾದರೆ ಚಿತ್ರದುರ್ಗ ಮರೆಯಬೇಡಿ. ಇಂಗಳದಾಳಿನಲ್ಲಿ ಮುಚ್ಚಿದ ತಾಮ್ರದ ಗಣಿ, ಹತ್ತಿರದಲ್ಲೇ ಜೋಗಿಮಟ್ಟಿ ಕಾಡು. ಬೆಂಗಳೂರಿನಿಂದ ಬಸ್ಸಿಗೆ ಕಾಯುವ ಕೆಲಸವೇ ಇಲ್ಲ. ಬೆಳಗ್ಗೆ ಬೇಗ ಹೋಗಿ, ಬಿಸಿಲಿಗೆ ಅಲ್ಲಿ ಕರುಣೆಯಿಲ್ಲ.

ಬಸ್‌ಪಾಸ್

(ಎರಡೂವರೆ ತಿಂಗಳ ನಂತರ)

ಹೋಗಿ ಬಂದೆವು. ಕೇಳಿ ಓಡಿಹೋದಳು ಎಂದು ಯಾರೂ ಅನ್ನಬಾರದಲ್ಲ, ಆದ್ದರಿಂದ ವರದಿ.

ಡಿಸೆಂಬರ್ ಮೊದಲ ವಾರ, ಮಂಗಳವಾರ ರಾತ್ರಿಯ ಬಸ್ಸು. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವುಗಳಲ್ಲಿ ಅಮ್ಮ ನಿಂಬೆಹಣ್ಣು ಮೂಸುತ್ತಾ ಕೂತರು. ಬೆಳಗ್ಗೆ ಹೊರನಾಡಿನಲ್ಲಿ ದರ್ಶನ, ಮಧ್ಯಾಹ್ನ ಅಲ್ಲೇ ಪ್ರಸಾದದ ಊಟ, ಕಳಸಕ್ಕೆ ವಾಪಸ್, ಅಲ್ಲಿಂದ ಸಂಸೆಯ ಬಳಿ ಒಂದು ಮನೆಯಲ್ಲಿ ತಂಗಿದೆವು. ಸಂಸೆಯ ಸೊಸೆಯವರ ಮಾತು ಕೇಳಿ ಶಿಖರದ ಆಸೆ ಬಿಟ್ಟು ಕುರಿಂಜಾಲಿಗೆ ಪರವಾನಗಿ ಮಾಡಿಸಿದ್ದೆ.

ಗುರುವಾರ ಬೆಳಗ್ಗೆ ಅಮ್ಮ ಬರುವುದಿಲ್ಲ ಎಂದುಬಿಟ್ಟರು. ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ಜೋರಾಗಿ ನಡೆದಿತ್ತು. ಅವರಿಗೆ ಅದನ್ನು ಕಲಿಯಬೇಕಂತೆ! 61 ವರ್ಷಕ್ಕೆ ಮೆಟ್ಟುಗತ್ತಿಯ ಮುಂದೆ ಕೂತರು. ನಾನೊಬ್ಬಳೇ ಕಾರ್ಕಳದ ಬಸ್ಸು ಹತ್ತಿದೆ. ಕಂಡಕ್ಟರರಿಗೆ ಪರವಾನಗಿ ತೋರಿಸಿ ಭಗವತಿಯಲ್ಲಿ ಇಳಿಯುವಾಗ, ಅಕ್ಕ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ. ಅವರು ಗಡಿಯಾರ ನೋಡಲಿಲ್ಲ, ಆಕಾಶ ನೋಡಿ ಹೊತ್ತು ಹೇಳಿದರು.

ಮೊದಲ ಅರ್ಧ ಪೂರಾ ಕಾಡು. ದಾರಿ ಜೀಪು ಹೋಗುವಷ್ಟು ಅಗಲ, ಮೇಲೆ ಕೊಂಬೆಗಳು ಕೂಡಿಕೊಂಡು ಹಗಲಲ್ಲೂ ಮಬ್ಬು. ಗೈಡ್ ಹುಡುಗ ಒಂದು ಕಡೆ ನಿಂತು ತುಟಿಯ ಮೇಲೆ ಬೆರಳಿಟ್ಟ. ಎದುರು ಮರದಲ್ಲಿ ಏನೋ ಕದಲಿತು, ಎಲೆ ಉದುರಿತು, ಅಷ್ಟೇ. ಸಿಂಗಳೀಕ ಎಂದ. ನಾನು ನೋಡಿದ್ದು ಬಾಲವೋ ಬಳ್ಳಿಯೋ ಇನ್ನೂ ತೀರ್ಮಾನವಾಗಿಲ್ಲ. ಆಮೇಲೆ ಮರಗಳು ಒಮ್ಮೆಗೇ ಮುಗಿದು ಹುಲ್ಲು ಶುರು. ಉಂಬಳಪ್ರಿಯರೇ, ನೀವು ಹೇಳಿದ ಕಂಬಳಿ ಕೊಡವುವ ಗಾಳಿ ಸಿಕ್ಕಿತು. ನಿಮ್ಮ ಪ್ರಿಯರು ಒಂದೇ ಒಂದು, ಅದೂ ವಾಪಸ್ ಬರುವಾಗ ಹಳ್ಳದ ಬಳಿ. ಸುಣ್ಣದ ಗಂಟು ಕೆಲಸ ಮಾಡಿತು.

ಮೇಲೆ ಕೂತು ಸುತ್ತ ನೋಡುವಾಗ ಗೈಡ್ ಹುಡುಗನಿಗೆ ಗಣಿ ಯಾವ ಕಡೆ ಎಂದು ಕೇಳಿದೆ. ಅವನು ಹುಟ್ಟಿದ್ದು 2006ರಲ್ಲಂತೆ. ಕೈ ತೋರಿಸಿದ, "ಆ ಕಡೆ ಇತ್ತಂತೆ ಮೇಡಂ" ಎಂದ. ನಮ್ಮಜ್ಜ ಬ್ರಿಟಿಷರ ಬಗ್ಗೆ ನಾನು ಕೇಳಿದರೆ ಹೇಳುತ್ತಿದ್ದ ಧಾಟಿಯಲ್ಲೇ.

ಮಧ್ಯಾಹ್ನ ತಿರುವಿನಲ್ಲಿ ಹಾರ್ನ್ ಕೇಳಿಸಿತು, ಅಕ್ಕಾ! ನಾನು ಇನ್ನೂ ಬೂಟಿನ ದಾರ ಕಟ್ಟುತ್ತಿದ್ದೆ. ಬಸ್ಸು ನಿಂತು ಕಾಯಿತು.

ಕುದುರೆಮುಖ ಪಟ್ಟಣದಲ್ಲಿ ಇಳಿದು ಮುಂದಿನ ಬಸ್ಸಿನವರೆಗೆ ಒಂದು ಗಂಟೆ ಸುತ್ತಾಡಿದೆ. ಮುಚ್ಚಿದ ಮನೆಗಳ ಸಾಲಿನಲ್ಲಿ ದಾಸವಾಳ ಹುಡುಕಿದೆ. ಸಿಕ್ಕಿದ್ದು ಹಳದಿಯದು, ಎರಡಾಳೆತ್ತರ. ಪಕ್ಕದ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದ ಕ್ರಿಕೆಟ್ ವಿಕೆಟಿನ ಮೂರು ಗೆರೆ ಮಾಡಿನ ಅಡಿ ಇದ್ದುದರಿಂದ ಮಳೆಗೆ ಅಳಿಸಿರಲಿಲ್ಲ.

ಆಮೇಲೆ ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬ್ಯಾಗಿನಿಂದ ಆಯಸ್ಕಾಂತ ತೆಗೆದೆ. ಎದುರಿನ ಅಂಗಡಿಯಾತ ಚಹಾದ ಪಾತ್ರೆ ಹಿಡಿದು ನೋಡುತ್ತಾ ನಿಂತರು, ಏನು ಕಳೆಯಿತು ಎಂದು ಕೇಳಲಿಲ್ಲ. ಮರಳಿನ ಮೇಲೆ ಎರಡು ಸಲ ಆಡಿಸಿದೆ, ಏನೂ ಇಲ್ಲ. ಮೂರನೆಯ ಸಲ ಸ್ವಲ್ಪ ಒತ್ತಿ ಎಳೆದೆ. ಕಪ್ಪು ಕೂದಲು ಸೆಟೆದು ನಿಂತಂತೆ ತುದಿಯ ತುಂಬ ಮೂಡಿಬಂತು. ಬೆರಳಿನಿಂದ ಒತ್ತಿದರೆ ಬಾಗುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಅಂಗಡಿಯಾತ ಆಗ ಹತ್ತಿರ ಬಂದು "ಮಲ್ಲೇಶ್ವರದವರಾ?" ಎಂದು ಕೇಳಿದರು. ಅಲ್ಲ ಎಂದೆ. ಹೇಳಿಕೊಟ್ಟವರು ಇಲ್ಲಿಯವರು ಎಂದೆ. ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಒಂದೇ ತಪ್ಪು ಮಾಡಿದೆ, ಕಾಗದ ಸುತ್ತುವುದನ್ನು ಮರೆತಿದ್ದೆ. ಈಗ ಆ ಪುಡಿ ಆಯಸ್ಕಾಂತ ಬಿಟ್ಟು ಬರುತ್ತಿಲ್ಲ. ತೊಳೆದೆ, ಒರೆಸಿದೆ, ಅಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಮಲ್ಲೇಶ್ವರದ ಹುಡುಗರೇ, ಇದನ್ನು ಬಿಡಿಸುವ ಉಪಾಯ ಇದೆಯೇ?

ಮಲ್ಲೇಶ್ವರದ ಹುಡುಗ

ಕಲಸಿದ ಮೈದಾಹಿಟ್ಟಿನ ಉಂಡೆ ಒತ್ತಿ ಒತ್ತಿ ತೆಗೆಯಿರಿ. ನಾವು ಹಾಗೇ ಮಾಡುತ್ತಿದ್ದೆವು. ಪೂರ್ತಿ ಹೋಗುವುದಿಲ್ಲ.